ಅರಬ್ಬಿ ಮಾತಾಡುವವರಿಗೆ ಇಂಗ್ಲಿಷ್ ನುಡಿಗಟ್ಟು ಕಲಿಸುವುದು ಹೇಗೆ?

ಮೈಸೂರು, ಬೆಂಗಳೂರಿನ ಕಾಲೇಜುಗಳಲ್ಲಿ ಯೆಮನ್, ಸುಡಾನ್, ಇರಾಕ್ ಕಡೆಯ ಹುಡುಗರು ಓದುತ್ತಾರೆ. ಅವರಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ಎಷ್ಟೋ ಸಲ ರೂಮ್‌ಮೇಟ್‌ಗೋ ಪಕ್ಕದ ಮನೆಯ ಲೆಕ್ಚರರ್‌ಗೋ ಗಂಟುಬೀಳುತ್ತದೆ. ಗಲ್ಫ್‌ನಲ್ಲಿರುವ ಮಂಗಳೂರು, ಭಟ್ಕಳದವರಿಗೂ ಆಫೀಸಿನಲ್ಲಿ ಇದು ತಪ್ಪಿದ್ದಲ್ಲ. ಎಲ್ಲರೂ ಮಾಡುವುದು ಒಂದೇ. ಎಲ್ಲಿಂದಲೋ ಉದ್ದನೆಯ ಪಟ್ಟಿ ತಂದು, ಎದುರಿಗೆ ಅರ್ಥ ಬರೆದು, ಬಾಯಿಪಾಠ ಮಾಡಿಸುವುದು. ಆಮೇಲೆ ಮಳೆ ಬಂದಾಗ ಹುಡುಗ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎನ್ನುತ್ತಾನೆ. ಇಂಗ್ಲಿಷಿನವರೇ ಅದನ್ನು ಈಗ ಹೇಳುವುದು ಅಪರೂಪ. ಬಸ್ಸಿನಲ್ಲಿ ಗೆಳೆಯ 'ಹ್ಯಾಂಗ್ ಆನ್' (ಸ್ವಲ್ಪ ತಡಿ) ಅಂದರೆ ಮಾತ್ರ ಗಾಬರಿಯಿಂದ ಕಂಬಿ ಹಿಡಿದುಕೊಳ್ಳುತ್ತಾನೆ.

ಹಂತ 1: ಪಟ್ಟಿ ಹರಿದು ಹಾಕಿ. ದಿನಕ್ಕೆ ಮೂರು ಸಾಕು, ಅದೂ ದಿನಬಳಕೆಯವು. 'ನೆವರ್ ಮೈಂಡ್', 'ಹ್ಯಾಂಗ್ ಆನ್', 'ಇಟ್ಸ್ ಅಪ್ ಟು ಯು', 'ಗಿವ್ ಮಿ ಎ ಹ್ಯಾಂಡ್', 'ಕಾಲ್ ಇಟ್ ಎ ಡೇ' (ಇವತ್ತಿಗೆ ಸಾಕು), 'ಅಂಡರ್ ದ ವೆದರ್' (ಮೈ ಹುಷಾರಿಲ್ಲ). ಫುಟ್‌ಪಾತ್‌ನಲ್ಲಿ ಸಿಗುವ ಸಾವಿರ ನುಡಿಗಟ್ಟಿನ ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಅದರಲ್ಲಿ ಅರ್ಧ ಅಜ್ಜನ ಕಾಲದ್ದು.

ಹಂತ 2: ಅರಬ್ಬಿಯಲ್ಲಿ ಜೋಡಿ ಕೇಳಿ. 'ಒಂದೇ ಕಲ್ಲಿಗೆ ಎರಡು ಹಕ್ಕಿ' ಅವರಲ್ಲೂ ಇದೆ, ಗೋಡೆಗೂ ಕಿವಿ ಇದೆ. 'ಪೀಸ್ ಆಫ್ ಕೇಕ್'ಗೆ ಈಜಿಪ್ಟಿನವರು ನಮ್ಮ ಹಾಗೇ 'ನೀರು ಕುಡಿದಷ್ಟು ಸುಲಭ' ಎನ್ನುತ್ತಾರೆ. ಇವುಗಳ ಮೇಲೆ ಜಾಸ್ತಿ ಹೊತ್ತು ಕಳೆಯಬೇಡಿ.

ಹಂತ 3: ಒಳ್ಳೆಯದೋ ಕೆಟ್ಟದ್ದೋ, ಮೊದಲು ಅದು ತಿಳಿಯಲಿ. ಹೆಚ್ಚಿನವರು ಎಡವುವುದು ಇಲ್ಲೇ. ಅರ್ಥ ಗೊತ್ತಿರುತ್ತದೆ, ಭಾವ ಉಲ್ಟಾ ಹೊಡೆಯುತ್ತದೆ.

ಬಿಸಿ-ತಂಪಿನ ಮಾತುಗಳನ್ನೇ ತೆಗೆದುಕೊಳ್ಳಿ. ಅರಬ್ಬಿಯಲ್ಲಿ ಸಂತೋಷದ ಸುದ್ದಿ 'ನನ್ನ ಎದೆಯನ್ನು ಹಿಮದಂತೆ ತಂಪು ಮಾಡಿತು' ಎನ್ನುತ್ತಾರೆ. ಮುದ್ದಿನ ಮಗು 'ಕುರ್ರತ್ ಅಯ್ನ್', ಅಂದರೆ ಕಣ್ಣಿನ ತಂಪು. 'ನಿನ್ನ ಹೊಟ್ಟೆ ತಣ್ಣಗಿರಲಿ' ಎಂದು ಹರಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಸುಖವೆಲ್ಲ ಬೆಚ್ಚಗೆ. ಸ್ವಾಗತ 'ವಾರ್ಮ್', ಮನಸ್ಸಿಗೆ ಹಿತವಾದದ್ದು 'ಹಾರ್ಟ್‌ವಾರ್ಮಿಂಗ್'. ತಣ್ಣಗಿದ್ದರೆ ಕೇಡು: ಮುಖ ಕೊಟ್ಟು ಮಾತಾಡದಿದ್ದರೆ 'ಕೋಲ್ಡ್ ಶೋಲ್ಡರ್', ಕೊನೇ ಗಳಿಗೆಯಲ್ಲಿ ಹಿಂಜರಿದರೆ 'ಕೋಲ್ಡ್ ಫೀಟ್'. ಬಿಸಿಲಿನ ನಾಡಿಗೆ ತಂಪು ಸುಖ, ಚಳಿಯ ನಾಡಿಗೆ ಬೆಂಕಿ ಸುಖ ಅಂತ ಒಂದು ಸಾಲು ಹೇಳಿ, ತಲೆಯಲ್ಲಿ ಉಳಿಯುತ್ತದೆ. 'ಕೂಲ್' ಒಂದು ಈ ಲೆಕ್ಕಕ್ಕೆ ಸಿಗುವುದಿಲ್ಲ. 'ಶಿ ಈಸ್ ಕೂಲ್' ಹೊಗಳಿಕೆ, 'ಶಿ ಈಸ್ ಕೋಲ್ಡ್' ಬೈಗುಳ. ಇವೆರಡನ್ನು ಒಟ್ಟಿಗೇ ಕಲಿಸಿ. ಇವತ್ತೊಂದು ನಾಳೆಯೊಂದು ಮಾಡಿದರೆ ಖಂಡಿತ ಅದಲು ಬದಲಾಗುತ್ತದೆ.

ಇನ್ನೊಂದು ಗೂಬೆ. ಲೈಬ್ರರಿ ಮುಚ್ಚುವವರೆಗೂ ಓದುತ್ತಿದ್ದ ಸುಡಾನಿನ ಹುಡುಗನಿಗೆ ಒಬ್ಬ ಮೇಷ್ಟ್ರು ಪ್ರೀತಿಯಿಂದಲೇ 'ಯು ಆರ್ ಎ ನೈಟ್ ಔಲ್' (ರಾತ್ರಿ ಎಚ್ಚರವಿರುವವನು) ಅಂದರು. ಹುಡುಗ ತಲೆ ತಗ್ಗಿಸಿ ಪುಸ್ತಕ ಜೋಡಿಸಿಕೊಂಡ. ಅವರಲ್ಲಿ ಗೂಬೆ ಅಪಶಕುನ. ನಮ್ಮಲ್ಲೂ ಯಾರಾದರೂ 'ನೀನು ರಾತ್ರಿ ಗೂಬೆ' ಅಂದರೆ ಸುಮ್ನೆ ಇರುತ್ತೀವಾ? ಅದಕ್ಕೇ ಪ್ರತಿ ನುಡಿಗಟ್ಟಿನ ಪಕ್ಕ ನಗುವ ಮುಖ ಅಥವಾ ಗಂಟುಮುಖ ಬರೆಸಿ, ಅರ್ಥ ಆಮೇಲೆ. ಫೋನಿನ ಅನುವಾದ ಆ್ಯಪ್‌ಗಳನ್ನು ಈ ಹಂತದಲ್ಲಿ ಮುಟ್ಟಲೇಬೇಡಿ. ಮುಖ ನೋಡಿ ಮಾತಾಡುವುದು ಅವಕ್ಕೆ ಗೊತ್ತಿಲ್ಲ. ಹಂದಿಯ ನುಡಿಗಟ್ಟುಗಳನ್ನು ನಾನಂತೂ ಬಿಟ್ಟೇಬಿಡುತ್ತೇನೆ. ಕಲಿಯುವವರಿಗೆ ಮುಜುಗರ, ಬಳಕೆಯೂ ಕಡಿಮೆ.

ಹಂತ 4: ಬಾಲದಲ್ಲಿ ಬದಲಾಗುವ ಮಾತುಗಳು. 'ಲುಕ್ ಫಾರ್' ಅಂದರೆ ಹುಡುಕು, 'ಲುಕ್ ಆಫ್ಟರ್' ಅಂದರೆ ನೋಡಿಕೋ, 'ಲುಕ್ ಡೌನ್ ಆನ್' ಅಂದರೆ ಕೀಳಾಗಿ ಕಾಣು. ಒಂದೇ ಕ್ರಿಯಾಪದ ಹೀಗೆ ಹೇಗೆ ಬದಲಾಗುತ್ತದೆ ಅಂತ ಹುಡುಗರು ಗೊಣಗುತ್ತಾರೆ. ಆಗ ಅವರದೇ ಭಾಷೆಯ 'ರಗಿಬ' ನೆನಪಿಸಿ. 'ರಗಿಬ ಫೀ' ಅಂದರೆ ಬೇಕು ಅಂತ ಆಸೆಪಟ್ಟ, 'ರಗಿಬ ಅನ್' ಅಂದರೆ ಬೇಡ ಅಂತ ಮುಖ ತಿರುಗಿಸಿದ. ಗೊಣಗಾಟ ಅಲ್ಲಿಗೇ ನಿಲ್ಲುತ್ತದೆ.

ಹಂತ 5: ಬಾಯಿಗೆ ಕೂರಿಸಿ. ಪಾಠದ ಅರಬ್ಬಿಯಲ್ಲಿ 'ಪ' ಇಲ್ಲ. 'ಪೀಸ್ ಆಫ್ ಕೇಕ್' 'ಬೀಸ್ ಆಫ್ ಕೇಕ್' ಆಗುತ್ತದೆ, ಪಾರ್ಕಿಂಗ್ 'ಬಾರ್ಕಿಂಗ್' ಆಗುತ್ತದೆ. ತುಟಿ ಮುಂದೆ ತೆಳ್ಳನೆಯ ಬಸ್ ಟಿಕೆಟ್ ಹಿಡಿಸಿ. ಇಂಗ್ಲಿಷಿನ ರೀತಿ 'ಪೀಸ್' ಅಂದರೆ ಉಸಿರಿಗೆ ಟಿಕೆಟ್ ಅಲುಗಬೇಕು. ಇಲ್ಲೊಂದು ತೊಡಕಿದೆ: ನಮ್ಮ ಕನ್ನಡದ 'ಪ'ಗೂ ಟಿಕೆಟ್ ಅಲುಗುವುದಿಲ್ಲ. ನೀವು ಎಷ್ಟು ಸಲ ಹೇಳಿಕೊಟ್ಟರೂ ಅವರ ಕಿವಿಗೆ ಅದು 'ಬ' ಅಂತಲೇ ಬೀಳಬಹುದು. ಆದ್ದರಿಂದ ತುಟಿ ಮುಚ್ಚಿ, ಉಸಿರು ಬಿಟ್ಟು ಮಹಾಪ್ರಾಣದ 'ಫ' ಹೇಳಿ ತೋರಿಸಿ. ಫ್ಯಾನಿನ 'ಫ' ಅಲ್ಲ.

ಇನ್ನು 'ಐ ಅಂಡರ್ ದ ವೆದರ್' ಅನ್ನುವುದು. 'ನಾನು ಸುಸ್ತು' ಎನ್ನಲು ಅರಬ್ಬಿಯಲ್ಲಿ 'ಆ್ಯಮ್', 'ಈಸ್' ಬೇಕಿಲ್ಲ, ಅದಕ್ಕೇ ಬಿಟ್ಟುಹೋಗುತ್ತದೆ. ವ್ಯಾಕರಣ ಕೊರೆಯಬೇಡಿ. 'ಐಯಾಮ್-ಅಂಡರ್-ದ-ವೆದರ್' ಅಂತ ಒಂದೇ ಉಸಿರಿಗೆ ಹೇಳಿಸಿ.

ಹಂತ 6: ಅರ್ಥ ಕೇಳದೆ ಪರೀಕ್ಷೆ ಮಾಡಿ. 'ಇದರ ಅರ್ಥ ಏನು' ಅಂದರೆ ಎಲ್ಲರೂ ಪಾಸು. ಚೀಟಿಯಲ್ಲಿ ಸಂದರ್ಭ ಬರೆದುಕೊಡಿ: 'ಗೆಳೆಯ ಲ್ಯಾಬ್‌ನಲ್ಲಿ ಗ್ಲಾಸ್ ಒಡೆದು ಸಾರಿ ಅಂದ. ನೀನು ಏನಂತೀಯ?' 'ನೆವರ್ ಮೈಂಡ್' ತಟ್ಟನೆ ಬಂದರೆ ಕಲಿತಾಯಿತು. ಯೋಚಿಸಿ ಹೇಳಿದರೆ ಆ ಚೀಟಿ ನಾಳೆಗೂ ಇರಲಿ. ನಡುವೆ ಅವರೂ ನಿಮ್ಮನ್ನು ಕೇಳುತ್ತಾರೆ: ಕ್ಷೌರ ಮಾಡಿಸಿಕೊಂಡು ಬಂದವನಿಗೆ ನಾವು 'ನಯೀಮನ್' ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಏನು ಅಂತ. ಅಂಥ ಹಾರೈಕೆ ಅಲ್ಲಿ ಇಲ್ಲ ಅಂತ ನೇರವಾಗಿ ಹೇಳಿ. 'ನೈಸ್ ಹೇರ್‌ಕಟ್' ಅಂದರೆ ಸಾಕು.