50 ಎಪಿಸೋಡಿನ ‘ಬ್ಲಡ್ ಪ್ಲಸ್’ಗೆ ನಾನು ವಿಮರ್ಶೆ ಬರೆದ ಬಗೆ

ಉದ್ದನೆಯ ಅನಿಮೆಗೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗೆ, ವಿಮರ್ಶೆ ಬರೆಯೋದು ಅಂದರೆ ಕಥೆ ಹೇಳಿ ಮುಗಿಸೋದಲ್ಲ. ಕಥೆ ಹೇಳೋಕೆ ಹೊರಟರೆ ಪುಟಗಟ್ಟಲೆ ಆಗುತ್ತದೆ, ಓದುವವರಿಗೂ ಸಾಕಾಗುತ್ತದೆ. ಒಂದು ಎಳೆ ಹಿಡಿಯಬೇಕು, ಕೊನೆವರೆಗೂ ಅದನ್ನು ಬಿಡಬಾರದು. ‘ಬ್ಲಡ್ ಪ್ಲಸ್’ನಲ್ಲಿ ನಾನು ಹಿಡಿದ ಎಳೆ ವ್ಯಾಂಪೈರ್‌ಗಳದ್ದಲ್ಲ, ಕತ್ತಿ ಕಾಳಗದ್ದೂ ಅಲ್ಲ. ಒಂದು ಮನೆಯದ್ದು. ಒಕಿನಾವಾದಲ್ಲಿ, ಅಮೆರಿಕನ್ ಸೇನಾ ನೆಲೆ ಇರುವ ಊರಿನಲ್ಲಿ, ಜಾರ್ಜ್ ಮಿಯಾಗುಸುಕು ಅನ್ನುವವನು ‘ಒಮೊರೊ’ ಅಂತ ಒಂದು ಸಣ್ಣ ಬಾರ್ ನಡೆಸುತ್ತಾನೆ. ಮನೆಯಲ್ಲಿ ಮೂರು ಮಕ್ಕಳು. ಮೂವರಲ್ಲಿ ಒಬ್ಬರೂ ಅವನಿಗೆ ಹುಟ್ಟಿದವರಲ್ಲ. ಇಡೀ ಸರಣಿ ನಿಂತಿರುವುದು ಈ ಮನೆಯ ಮೇಲೆ. ಇದನ್ನು ಬಿಟ್ಟು ಬರೆದರೆ ಅದು ಅರ್ಧ ವಿಮರ್ಶೆ ಅಂತಲೇ ನಾನು ನಂಬಿದ್ದೇನೆ.

ಮುಂದೆ ಓದುವ ಮೊದಲು ಒಂದು ಮಾತು. ಇಲ್ಲಿ ಕಥೆಯ ದೊಡ್ಡ ತಿರುವುಗಳೆಲ್ಲ ಬರುತ್ತವೆ. ನೋಡಬೇಕು ಅಂತಿರುವವರು ನೋಡಿಬಿಟ್ಟು ಬನ್ನಿ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಇದನ್ನು ಮಾಡಿದ್ದು ಪ್ರೊಡಕ್ಷನ್ ಐ.ಜಿ. ಸ್ಟುಡಿಯೋ, ನಿರ್ದೇಶಕ ಜುನಿಚಿ ಫುಜಿಸಾಕು. ಜಪಾನಿನ ಟಿವಿಯಲ್ಲಿ 2005ರ ಅಕ್ಟೋಬರ್‌ನಿಂದ 2006ರ ಸೆಪ್ಟೆಂಬರ್‌ವರೆಗೆ ಶನಿವಾರ ಸಂಜೆ 6ಕ್ಕೆ ಬರುತ್ತಿತ್ತು. ಅದಕ್ಕೂ ಮೊದಲು, 2000ದಲ್ಲಿ, ಇದೇ ಸ್ಟುಡಿಯೋದಿಂದ ‘ಬ್ಲಡ್: ದಿ ಲಾಸ್ಟ್ ವ್ಯಾಂಪೈರ್’ ಅಂತ ಒಂದು ಗಂಟೆಗಿಂತ ಕಡಿಮೆಯ ಸಿನಿಮಾ ಬಂದಿತ್ತು. ಅದರ ನಾಯಕಿ ಸಾಯಾಗೆ ಹಿಂದೆ ಮುಂದೆ ಯಾರೂ ಇಲ್ಲ. ಬರುತ್ತಾಳೆ, ಕೊಲ್ಲುತ್ತಾಳೆ, ಹೋಗುತ್ತಾಳೆ. ಸರಣಿ ಮಾಡುವಾಗ ಅದೇ ಹೆಸರಿನ ಹುಡುಗಿಗೆ ಅಪ್ಪ ಜಾರ್ಜ್, ಅಣ್ಣ ಕಾಯ್, ತಮ್ಮ ರಿಕು ಇವರನ್ನು ಕೊಟ್ಟರು. ನಾನು ಸಿನಿಮಾವನ್ನು ಮೊದಲು ನೋಡಿ ಆಮೇಲೆ ಸರಣಿಗೆ ಕೂತೆ, ಹಾಗಾಗಿ ಈ ವ್ಯತ್ಯಾಸ ಮೊದಲ ಎಪಿಸೋಡಿನಲ್ಲೇ ಕಣ್ಣಿಗೆ ಹೊಡೆಯಿತು. ಈ ಸಾಯಾ ಶಾಲೆಗೆ ಹೋಗುತ್ತಾಳೆ, ಹೈಜಂಪ್ ಮಾಡುತ್ತಾಳೆ, ಹೊಟ್ಟೆ ತುಂಬ ತಿನ್ನುತ್ತಾಳೆ, ಬೇಯಿಸಿದ ಮೊಟ್ಟೆ ಅಂದರೆ ಪ್ರಾಣ. ಒಂದು ವರ್ಷಕ್ಕಿಂತ ಹಿಂದಿನದು ಮಾತ್ರ ಏನೂ ನೆನಪಿಲ್ಲ.

ಮೊದಲ ಸಲ ನೋಡುವಾಗ ನಾನು ಏನೂ ಬರೆದುಕೊಳ್ಳುವುದಿಲ್ಲ. ಇದು ನನ್ನ ಹಳೇ ಪದ್ಧತಿ. ಪೆನ್ನು ಹಿಡಿದು ನೋಡಿದರೆ ಕಣ್ಣು ತಪ್ಪು ಹುಡುಕೋಕೆ ಶುರು ಮಾಡುತ್ತದೆ, ಮನಸ್ಸು ಕಥೆಯೊಳಗೆ ಇಳಿಯುವುದೇ ಇಲ್ಲ. ಎರಡನೇ ಸಲಕ್ಕೆ ನೋಟ್‌ಬುಕ್ ಬಂತು. ಪ್ರತಿ ಎಪಿಸೋಡಿಗೂ ಒಂದೇ ಸಾಲು ಬರೆದೆ: ಈ ಸಲ ಯಾರು ಯಾರನ್ನು ನಮ್ಮವರು ಅಂದರು, ಯಾರು ಯಾರನ್ನು ಬಿಟ್ಟುಕೊಟ್ಟರು. ಅಷ್ಟೇ. ಯಾರು ಯಾರನ್ನು ಕೊಂದರು ಅನ್ನೋದನ್ನು ಬರೆಯಲಿಲ್ಲ, ಅದು ಹೇಗೂ ನೆನಪಿರುತ್ತದೆ. ಆ ಸಾಲುಗಳನ್ನು ಒಟ್ಟಿಗೆ ಓದಿದಾಗ ಸರಣಿಯ ಬೆನ್ನುಮೂಳೆ ಕಾಣಿಸಿತು. ಹೊಡೆದಾಟ ಜಾಸ್ತಿ ಇದ್ದ ಎಷ್ಟೋ ಎಪಿಸೋಡಿಗೆ ಬರೆಯೋಕೆ ಏನೂ ಸಿಕ್ಕಿರಲಿಲ್ಲ. ಸುಮ್ನೆ ಅಡುಗೆ ಮಾಡಿ ತಿಂದ ಎಪಿಸೋಡುಗಳಿಗೆ ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದೆ.

ಆಮೇಲೆ ದೊಡ್ಡ ಹಾಳೆಯ ಮೇಲೆ ಒಂದು ವಂಶವೃಕ್ಷ ಹಾಕಿದೆ. ನನ್ನ ವಿಮರ್ಶೆಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಈ ಕಥೆಯ ವ್ಯಾಂಪೈರ್‌ಗಳಲ್ಲಿ ಒಂದು ಪೀಳಿಗೆಗೆ ಇಬ್ಬರು ರಾಣಿಯರು, ಅವಳಿ ಅಕ್ಕತಂಗಿಯರು: ಸಾಯಾ ಮತ್ತು ಡೀವಾ. ಒಬ್ಬಳ ರಕ್ತ ಇನ್ನೊಬ್ಬಳಿಗೆ ವಿಷ, ಮೈಗೆ ಸೇರಿದರೆ ಕಲ್ಲಿನಂತೆ ಗಟ್ಟಿಯಾಗಿ ಒಡೆದುಹೋಗುತ್ತಾರೆ. ರಾಣಿ ತನ್ನ ರಕ್ತ ಕೊಟ್ಟು ಬದುಕಿಸಿದವನು ಅವಳ ಶೆವಲಿಯೆ, ಅಂದರೆ ಅಂಗರಕ್ಷಕ. ಮಕ್ಕಳಾಗಬೇಕಾದರೆ ಮಾತ್ರ ಒಬ್ಬಳಿಗೆ ಇನ್ನೊಬ್ಬಳ ಶೆವಲಿಯೆಯೇ ಬೇಕು. ಇದನ್ನು ಹಾಳೆಯ ಮೇಲೆ ಗೆರೆ ಎಳೆದು ನೋಡಿ. ತಂಗಿಗೆ ತಾಯಿಯಾಗಬೇಕಾದರೆ ಅಕ್ಕನ ಕಡೆಯವನು ಬೇಕು, ಆದರೆ ಅಕ್ಕತಂಗಿಯರಲ್ಲಿ ಒಬ್ಬಳ ರಕ್ತ ಇನ್ನೊಬ್ಬಳ ಮೈಗೆ ಸೇರಿದರೆ ಸಾವು. ಇಷ್ಟು ಕ್ರೂರವಾದ ಸಂಬಂಧದ ಲೆಕ್ಕ ನಾನು ಬೇರೆ ಯಾವ ವ್ಯಾಂಪೈರ್ ಕಥೆಯಲ್ಲೂ ಕಂಡಿಲ್ಲ.

ಈ ಇಬ್ಬರ ಬಾಲ್ಯದ ಬಗ್ಗೆ ವಿಮರ್ಶೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬರೆದೆ. ಫ್ರಾನ್ಸಿನ ಬೋರ್ಡೊ ಹತ್ತಿರ ‘ಝೂ’ ಅಂತ ಕರೆಯುವ ಒಂದು ದೊಡ್ಡ ಬಂಗಲೆ. ಜೋಯಲ್ ಗೋಲ್ಡ್‌ಶ್ಮಿಟ್ ಅನ್ನುವ ಶ್ರೀಮಂತ ಅಲ್ಲಿ ಇಬ್ಬರನ್ನೂ ಬೆಳೆಸುತ್ತಾನೆ. ಸಾಯಾಗೆ ಹೆಸರಿಟ್ಟು, ಬಟ್ಟೆ ತೊಡಿಸಿ, ಮಗಳ ಹಾಗೆ ಸಾಕುತ್ತಾನೆ. ಇನ್ನೊಂದು ಮಗುವನ್ನು ಗೋಪುರದಲ್ಲಿ ಕೂಡಿಹಾಕುತ್ತಾನೆ, ಹೆಸರೂ ಇಲ್ಲ. ಪ್ರೀತಿ ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ ಅಂತ ನೋಡುವ ಪ್ರಯೋಗ ಅದು. ಗೋಪುರದಿಂದ ಹಾಡು ಕೇಳಿಸಿ ಸಾಯಾ ಅಲ್ಲಿಗೆ ಹೋಗುತ್ತಾಳೆ, ಅವಳೇ ಆ ಹುಡುಗಿಗೆ ಡೀವಾ ಅಂತ ಹೆಸರಿಡುತ್ತಾಳೆ. 1883ರಲ್ಲಿ ಜೋಯಲ್‌ನ ಹುಟ್ಟುಹಬ್ಬಕ್ಕೆ ಡೀವಾ ಬಂದು ಹಾಡಲಿ ಅಂತ ಬಾಗಿಲು ತೆಗೆಯುತ್ತಾಳೆ. ಆ ದಿನ ಡೀವಾ ಅಲ್ಲಿದ್ದವರನ್ನೆಲ್ಲ ಕೊಂದುಹಾಕುತ್ತಾಳೆ.

ಇಲ್ಲಿ ವಿಮರ್ಶಕನಾಗಿ ನಾನು ಒಂದು ನಿಲುವು ತೆಗೆದುಕೊಳ್ಳಲೇಬೇಕಿತ್ತು. ಡೀವಾ ರಾಕ್ಷಸಿ ಅಂತ ಬರೆದು ಮುಂದೆ ಹೋಗುವುದು ಸುಲಭ. ನಾನು ಹಾಗೆ ಬರೆಯಲಿಲ್ಲ. ಸಾಯಾ ಒಳ್ಳೆಯವಳಾದದ್ದು ಅವಳ ರಕ್ತದಿಂದಲ್ಲ, ಅವಳಿಗೆ ಎರಡು ಸಲ ಮನೆ ಸಿಕ್ಕಿತು ಅದರಿಂದ: ಒಮ್ಮೆ ಬೋರ್ಡೊದಲ್ಲಿ, ಇನ್ನೊಮ್ಮೆ ಒಕಿನಾವಾದಲ್ಲಿ. ಡೀವಾಗೆ ಒಮ್ಮೆಯೂ ಸಿಗಲಿಲ್ಲ. ಅವಳ ಸುತ್ತ ಇರುವ ಶೆವಲಿಯೆಗಳು ಒಬ್ಬರನ್ನೊಬ್ಬರು ಅಣ್ಣ ಅಂತ ಕರೆದುಕೊಳ್ಳುತ್ತಾರೆ, ಗೋಲ್ಡ್‌ಸ್ಮಿತ್ ಅಂತ ಕುಲದ ಹೆಸರೂ ಇದೆ, ಆದರೆ ಆ ಮನೆಯಲ್ಲಿ ಯಾರೂ ಯಾರಿಗೂ ಊಟ ಬಡಿಸುವುದಿಲ್ಲ. ಅವರಲ್ಲಿ ಮೊದಲನೆಯವನಾದ ಆಮ್ಷೆಲ್‌ಗೆ ಡೀವಾ ಕೊನೆಯವರೆಗೂ ಪ್ರಯೋಗದ ವಸ್ತುವೇ. ಇನ್ನೊಂದು ವಿಷಯ ಇದಕ್ಕೆ ಬಲ ಕೊಟ್ಟಿತು. ಜಪಾನಿ ಧ್ವನಿಯಲ್ಲಿ ಸಾಯಾಗೂ ಡೀವಾಗೂ ದನಿ ಕೊಟ್ಟಿರುವುದು ಒಬ್ಬರೇ, ಎರಿ ಕಿತಮುರಾ. ಇಂಗ್ಲಿಷ್ ಡಬ್ಬಿಂಗಿನಲ್ಲೂ ಹಾಗೇ, ಎರಡೂ ಪಾತ್ರ ಕ್ಯಾರಿ ವಾಲ್ಗ್ರೆನ್ ಅವರದ್ದು. ಇದು ತಿಳಿದ ಮೇಲೆ ಇಬ್ಬರೂ ಮುಖಾಮುಖಿಯಾಗುವ ದೃಶ್ಯಗಳನ್ನು ಕಣ್ಣು ಮುಚ್ಚಿ ಬರೀ ಕಿವಿಯಲ್ಲಿ ಕೇಳಿದೆ. ಒಂದೇ ಗಂಟಲು, ಎರಡು ಬದುಕು. ನೀವೂ ಹಾಗೆ ಕೇಳಿ ನೋಡಿ.

ಒಕಿನಾವಾ ಬಗ್ಗೆ ಓದದೆ ಈ ವಿಮರ್ಶೆ ಬರೆಯೋಕೆ ಆಗುವುದಿಲ್ಲ ಅಂತ ಬೇಗನೇ ಗೊತ್ತಾಯಿತು. ಎರಡನೇ ಮಹಾಯುದ್ಧದ ಮೇಲೆ ಆ ದ್ವೀಪಗಳು ಅಮೆರಿಕದ ಕೈಯಲ್ಲಿದ್ದವು, ಜಪಾನಿಗೆ ವಾಪಸ್ ಸಿಕ್ಕಿದ್ದು 1972ರ ಮೇ 15ರಂದು. ವಿಯೆಟ್ನಾಂ ಮೇಲೆ ಬಾಂಬ್ ಹಾಕಿದ ಬಿ-52 ವಿಮಾನಗಳು ಅಲ್ಲಿನ ಕಡೇನಾ ನೆಲೆಯಿಂದಲೂ ಹಾರಿದ್ದವು. ಸರಣಿಯಲ್ಲೂ 1972ರ ವಿಯೆಟ್ನಾಂ ಬರುತ್ತದೆ. ಸಾಯಾ ಮೂವತ್ತು ವರ್ಷ ಒಂದೇ ಸಮನೆ ಮಲಗುವ ಜಾತಿಯವಳು, ಅವಳನ್ನು ನಿದ್ದೆ ಪೂರ್ತಿಯಾಗುವ ಮೊದಲೇ ಎಬ್ಬಿಸುತ್ತಾರೆ, ಅವಳು ಕಂಡಕಂಡವರನ್ನೆಲ್ಲ ಕಡಿಯುತ್ತಾಳೆ. ಜಾರ್ಜ್ ಆ ಯುದ್ಧದಲ್ಲಿದ್ದ ಸೈನಿಕ. ಅವನೇ ಮುಂದೆ ಅವಳಿಗೆ ಅಪ್ಪನಾಗುತ್ತಾನೆ. ಇತಿಹಾಸ ಗೊತ್ತಿದ್ದರೆ ಇದು ಬರೀ ಕಾಕತಾಳೀಯ ಅನ್ನಿಸುವುದಿಲ್ಲ, ಅಲ್ವಾ? ಯುದ್ಧ ಆ ದ್ವೀಪದಿಂದ ಹೊರಟು ಮತ್ತೆ ಅದೇ ದ್ವೀಪದ ಒಂದು ಮನೆಗೆ ಬಂದು ಸೇರುತ್ತದೆ.

ಗೋರಿಯ ವಿಷಯವೂ ಹೀಗೇ. ಆಮೇಲಿನ ಉದ್ದನೆಯ ನಿದ್ದೆಯಿಂದ ಸಾಯಾ ಎಚ್ಚರಾದದ್ದು ಮಿಯಾಗುಸುಕು ಮನೆತನದ ಗೋರಿಯೊಳಗೆ. ಮೊದಲ ಸಲ ನೋಡಿದಾಗ ಇದು ವ್ಯಾಂಪೈರ್ ಕಥೆಗಳ ಮಾಮೂಲಿ ಶವಪೆಟ್ಟಿಗೆ ಅಂತಲೇ ಕಾಣುತ್ತದೆ. ಆದರೆ ಒಕಿನಾವಾದ ಗೋರಿಗಳು ಬೇರೆ ತರ. ಆಮೆಯ ಬೆನ್ನಿನ ಆಕಾರದಲ್ಲಿ ಕಟ್ಟಿದ ದೊಡ್ಡ ಕುಟುಂಬದ ಗೋರಿ, ಆ ಆಕಾರ ತಾಯಿಯ ಗರ್ಭದ್ದು ಅಂತಲೂ ಅಲ್ಲಿನವರು ಹೇಳುತ್ತಾರೆ. ವಸಂತದಲ್ಲಿ ‘ಶೀಮಿ’ ಅಂತ ಒಂದು ಆಚರಣೆ, ಆಗ ಮನೆಮಂದಿಯೆಲ್ಲ ಗೋರಿಯ ಮುಂದೆ ಚಾಪೆ ಹಾಸಿ, ಹಿರಿಯರಿಗೆ ಎಡೆ ಇಟ್ಟು, ಅಲ್ಲೇ ಕೂತು ಊಟ ಮಾಡುತ್ತಾರೆ. ನಮ್ಮಲ್ಲಿ ಪಿತೃಪಕ್ಷದಲ್ಲಿ ಎಡೆ ಇಡುವವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಹಾಗಾಗಿ ಕೊನೆಯಲ್ಲಿ ಕಾಯ್ ತನ್ನ ಬೆನ್ನ ಮೇಲೆ ಸಾಯಾಳನ್ನು ಹೊತ್ತು ಆ ಗೋರಿಯ ಕಡೆ ನಡೆಯುವಾಗ ಅವಳು ಸಾವಿನ ಕಡೆ ಹೋಗುತ್ತಿಲ್ಲ. ಮನೆತನದೊಳಗೆ ಹೋಗುತ್ತಿದ್ದಾಳೆ. ವಿಮರ್ಶೆಯಲ್ಲಿ ಈ ಪ್ಯಾರಾ ಬರೆದಾಗ ನನಗೆ ತುಂಬಾ ಖುಷಿಯಾಯಿತು, ಯಾಕಂದರೆ ಸರಣಿಯನ್ನು ಬೇಜಾರಿನ ಅಂತ್ಯ ಅಂತ ತಳ್ಳಿಹಾಕಿದವರಿಗೆ ಕೊಡೋಕೆ ನನ್ನ ಹತ್ತಿರ ಗಟ್ಟಿಯಾದ ಉತ್ತರ ಸಿಕ್ಕಿತ್ತು.

ಜಾರ್ಜ್ ಬೇಗ ಸಾಯುತ್ತಾನೆ. ಒಕಿನಾವಾದ ಭಾಗ ಮುಗಿಯುವ ಮೊದಲೇ. ಗಾಯಗೊಂಡ ಅವನ ಮೈಗೆ ಡೀವಾಳ ರಕ್ತದಿಂದ ಮಾಡಿದ ಡೆಲ್ಟಾ 67 ಅನ್ನುವ ಔಷಧಿ ಸೇರಿಸುತ್ತಾರೆ, ಅದು ಮನುಷ್ಯರನ್ನು ರಕ್ತ ಕುಡಿಯುವ ಮೃಗ ಮಾಡುವಂಥದ್ದು. ಪೂರ್ತಿ ಮೃಗವಾಗುವ ಮೊದಲು ಸಾಯಾಳ ರಕ್ತ ಕೊಟ್ಟು ತನ್ನನ್ನು ಮುಗಿಸಿಬಿಡು ಅಂತ ಅವನೇ ಕೇಳುತ್ತಾನೆ. ಮಕ್ಕಳ ಎದುರಿಗೇ. ಈ ದೃಶ್ಯವನ್ನು ವಿಮರ್ಶೆಯಲ್ಲಿ ಹೇಗೆ ಬರೆಯೋದು ಅಂತ ಬಹಳ ಯೋಚಿಸಿದೆ. ಕೊನೆಗೆ ದೃಶ್ಯವನ್ನು ವರ್ಣಿಸಲೇ ಇಲ್ಲ. ಅದರ ಮುಂದಿನ ಎಪಿಸೋಡುಗಳಲ್ಲಿ ಮಕ್ಕಳು ಏನು ಮಾಡುತ್ತಾರೆ ಅನ್ನುವುದನ್ನು ಬರೆದೆ. ಅಪ್ಪ ಹೇಳುತ್ತಿದ್ದ ‘ನಾನ್‌ಕುರು ನೈಸಾ’, ಎಲ್ಲ ಸರಿಹೋಗುತ್ತೆ ಅನ್ನುವ ಒಕಿನಾವಾ ಮಾತು, ಅವರ ಬಾಯಲ್ಲಿ ಮುಂದುವರಿಯುತ್ತದೆ. ಅಪ್ಪನ ಜಾಗದಲ್ಲಿ ಕಾಯ್ ಅಡುಗೆಗೆ ನಿಲ್ಲುತ್ತಾನೆ. ಯಾವ ದೇಶಕ್ಕೆ ಹೋದರೂ ಅವನು ಒಂದು ಒಲೆ ಹುಡುಕುತ್ತಾನೆ. ಕಾಯ್‌ಗೆ ಯಾವ ಶಕ್ತಿಯೂ ಇಲ್ಲ, ಅಷ್ಟೊಂದು ಬಲಶಾಲಿಗಳ ನಡುವೆ ಅವನು ಬರೀ ಮನುಷ್ಯ. ಎಷ್ಟೋ ಜನ ಅವನು ಕಥೆಗೆ ಬೇಡದ ಪಾತ್ರ ಅಂತ ಹೇಳುವುದನ್ನು ಕೇಳಿದ್ದೇನೆ. ನನ್ನ ಮಟ್ಟಿಗೆ ಈ ಸರಣಿಯ ನಾಯಕ ಅವನೇ.

ಇನ್ನು ಸೋಲುವ ಭಾಗಗಳು. ಕಥೆ ಒಕಿನಾವಾದಿಂದ ವಿಯೆಟ್ನಾಂ, ರಷ್ಯಾ, ಫ್ರಾನ್ಸ್, ಲಂಡನ್ ದಾಟಿ ನ್ಯೂಯಾರ್ಕ್‌ಗೆ ಹೋಗುತ್ತದೆ. ನಾನು ವಿಮರ್ಶೆಯನ್ನು ಊರುಗಳ ಪ್ರಕಾರ ಭಾಗ ಮಾಡಿಕೊಂಡೆ, ಓಪನಿಂಗ್ ಹಾಡು ನಾಲ್ಕು ಇರುವುದರಿಂದ ಅದೂ ಗುರುತಿಗೆ ನೆರವಾಯಿತು. ವಿಯೆಟ್ನಾಂನ ಹುಡುಗಿಯರ ಶಾಲೆಯ ಭಾಗ ಚೆನ್ನಾಗಿದೆ. ರಷ್ಯಾದ ರೈಲಿನ ಭಾಗ ಎಳೆದಿದ್ದಾರೆ. ಮಧ್ಯದಲ್ಲಿ ಕೆಲವು ಕಡೆ ಮುಖಗಳ ಚಿತ್ರವೇ ಬೇರೆ ಯಾರದ್ದೋ ಅನ್ನುವಷ್ಟು ಬದಲಾಗುತ್ತದೆ, ಹೊಡೆದಾಟದಲ್ಲಿ ಒಂದೇ ತರದ ಕತ್ತಿ ಬೀಸಾಟ ಮತ್ತೆ ಮತ್ತೆ ಬರುತ್ತದೆ. ಇವನ್ನೆಲ್ಲ ಮುಚ್ಚಿಡದೆ ಬರೆದೆ. ಇಷ್ಟಪಟ್ಟ ಕೃತಿಯ ದೋಷ ಹೇಳದಿದ್ದರೆ ಹೊಗಳಿಕೆಯನ್ನೂ ಯಾರೂ ನಂಬುವುದಿಲ್ಲ. ಶಿಫ್ ಅನ್ನುವ ಗುಂಪು ಬಂದ ಮೇಲೆ ಕಥೆ ಮತ್ತೆ ಎದ್ದು ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಹುಟ್ಟಿಸಿದ ಮಕ್ಕಳು, ಬಿಸಿಲಿಗೆ ಬಂದರೆ ಸುಟ್ಟುಹೋಗುತ್ತಾರೆ, ಮೈಯಲ್ಲಿ ಅದಾಗಲೇ ಸಾವು ಬೆಳೆಯುತ್ತಿದೆ. ಅವರಿಗೂ ಅಪ್ಪ ಅಮ್ಮ ಯಾರೂ ಇಲ್ಲ. ಅವರು ಒಬ್ಬರಿಗೊಬ್ಬರು ಮನೆಯಾಗುತ್ತಾರೆ. ಕೊನೆಗೆ ಉಳಿಯುವವಳು ಲುಲು ಅನ್ನುವ ಪುಟ್ಟ ಹುಡುಗಿ ಒಬ್ಬಳೇ.

ಸಂಗೀತಕ್ಕೆ ಒಂದೇ ಪ್ಯಾರಾ ಕೊಟ್ಟೆ, ಇನ್ನೂ ಕೊಡಬಹುದಿತ್ತು. ಸಂಗೀತ ಮಾರ್ಕ್ ಮಾನ್ಸಿನಾ ಅವರದ್ದು. ಸಾಯಾಳ ಶೆವಲಿಯೆ ಹಾಜಿ ಮಾತು ಕಡಿಮೆ, ಸೆಲ್ಲೋ ನುಡಿಸುತ್ತಾನೆ, ಅದನ್ನು ಅವನಿಗೆ ಕಲಿಸಿದ್ದು ಸಾಯಾಳೇ. ಅವಳು ಎಲ್ಲ ಮರೆತಿದ್ದಾಗಲೂ ಅವಳ ಪಾಠ ಅವನ ಬೆರಳಲ್ಲಿ ಉಳಿದಿರುತ್ತದೆ.

ಬರೆಯೋಕೆ ಕಷ್ಟವಾದದ್ದು ರಿಕು ಸಾವು. ಸಾಯುವ ಸ್ಥಿತಿಯಲ್ಲಿದ್ದ ತಮ್ಮನನ್ನು ಸಾಯಾ ತನ್ನ ರಕ್ತ ಕೊಟ್ಟು ಉಳಿಸಿಕೊಂಡಿರುತ್ತಾಳೆ, ಹಾಗಾಗಿ ಅವನು ಅವಳ ಶೆವಲಿಯೆ. ಡೀವಾಗೆ ಬೇಕಾದದ್ದು ಅದೇ. ಅವಳು ಆ ಹುಡುಗನ ಮೇಲೆ ಬಲಾತ್ಕಾರ ಮಾಡಿ ಕೊಲ್ಲುತ್ತಾಳೆ, ಅವಳಿ ಮಕ್ಕಳು ಅವಳ ಹೊಟ್ಟೆಯಲ್ಲಿ ಬೆಳೆಯುತ್ತವೆ, ಮುಂದೆ ಅವನದೇ ರೂಪ ಧರಿಸಿ ಸಾಯಾಳ ಎದುರು ನಿಲ್ಲುತ್ತಾಳೆ. ವಿಮರ್ಶೆಯಲ್ಲಿ ಎರಡು ಕೆಲಸ ಮಾಡಿದೆ. ಇದು ಚಿಕ್ಕ ಮಕ್ಕಳಿಗೆ ತೋರಿಸುವ ಸರಣಿ ಅಲ್ಲ ಅಂತ ಮೊದಲ ಪ್ಯಾರಾದಲ್ಲೇ ಎಚ್ಚರಿಕೆ ಹಾಕಿದೆ. ಮತ್ತೆ, ನಡೆದದ್ದನ್ನು ಅದರ ಹೆಸರಿನಿಂದಲೇ ಕರೆದೆ. ಸತ್ತವನು ಗಂಡು ಹುಡುಗ, ಮಾಡಿದವಳು ಹೆಣ್ಣು ಅಂತ ಮಾತು ಮೆತ್ತಗೆ ಮಾಡಲಿಲ್ಲ. ಸರಣಿ ಈ ದೃಶ್ಯದ ನೋವನ್ನು ಸಾಯಾ ಮತ್ತು ಕಾಯ್ ಮೂಲಕ ಚೆನ್ನಾಗಿ ತೋರಿಸುತ್ತದೆ, ಆದರೆ ರಿಕುಗೆ ಆದ ಅನ್ಯಾಯಕ್ಕೆ ಸಾಕಷ್ಟು ಸಮಯ ಕೊಡುವುದಿಲ್ಲ. ಕಥೆ ಒಂದು ವರ್ಷ ಮುಂದೆ ಜಿಗಿದುಬಿಡುತ್ತದೆ. ಅದು ನನ್ನ ದೊಡ್ಡ ತಕರಾರು.

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದಲ್ಲಿ ಅಕ್ಕತಂಗಿ ಒಬ್ಬರಿಗೊಬ್ಬರು ಕತ್ತಿ ಚುಚ್ಚುತ್ತಾರೆ. ತಾಯಿಯಾದ ಡೀವಾಳ ರಕ್ತದಲ್ಲಿ ವಿಷ ಉಳಿದಿಲ್ಲ, ಅವಳೊಬ್ಬಳೇ ಸಾಯುತ್ತಾಳೆ, ಮಕ್ಕಳ ಕಡೆ ಕೈ ಚಾಚುತ್ತಾ. ಇಲ್ಲಿ ನನ್ನ ವಂಶವೃಕ್ಷ ಮತ್ತೆ ಕೆಲಸಕ್ಕೆ ಬಂತು. ಆ ಮಕ್ಕಳ ಅಪ್ಪ ರಿಕು, ಅಂದರೆ ಕಾಯ್ ಅವಕ್ಕೆ ದೊಡ್ಡಪ್ಪ. ಅಮ್ಮನ ಕಡೆಯಿಂದ ಸಾಯಾ ದೊಡ್ಡಮ್ಮ. ಅವೂ ಬದುಕಬಾರದು ಅಂತಿದ್ದ ಸಾಯಾಳನ್ನು ಕಾಯ್ ತಡೆಯುತ್ತಾನೆ, ಮಕ್ಕಳನ್ನು ಒಕಿನಾವಾಗೆ ಕರೆದುಕೊಂಡು ಹೋಗಿ ತಾನೇ ಸಾಕುತ್ತಾನೆ. ಒಂದು ಕಾಲದಲ್ಲಿ ಅವಳಿ ರಾಣಿಯರಲ್ಲಿ ಒಬ್ಬಳನ್ನು ಗೋಪುರದಲ್ಲಿ ಬೀಗ ಹಾಕಿದ್ದರು, ಈಗಿನ ಅವಳಿಗಳು ಇಬ್ಬರೂ ಬಾರ್‌ನ ಅಡುಗೆಮನೆಯಲ್ಲಿ ಬೆಳೆಯುತ್ತಾರೆ.

ವಿಮರ್ಶೆ ಓದಿದ ಮೇಲೆ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: ಅಷ್ಟೂ ನೋಡಲೇಬೇಕಾ, ಬಿಟ್ಟು ನೋಡಬಹುದಾ? ರಷ್ಯಾದಲ್ಲಿ ಬೇಕಾದರೆ ಸ್ವಲ್ಪ ವೇಗವಾಗಿ ಓಡಿಸಿ. ಒಕಿನಾವಾದ ಮೊದಲ ಎಪಿಸೋಡುಗಳನ್ನು ನಿಧಾನ ಅಂತ ಮಾತ್ರ ಹಾರಿಸಬೇಡಿ. ಆ ಮನೆ ನಿಮಗೆ ಪರಿಚಯ ಆಗದಿದ್ದರೆ ಮುಂದಿನ ಯಾವ ಸಾವೂ ತಟ್ಟುವುದಿಲ್ಲ.