ಪಿಂಗಾಣಿ ನಾಯಿಯನ್ನು ನಲ್ಲಿ ಕೆಳಗೆ ಹಿಡಿಯಬೇಡಿ

ಶೋ ನಾಯಿ, ಅಂದರೆ ಶ್ವಾನ ಪ್ರದರ್ಶನಕ್ಕೆ ಕರೆದೊಯ್ಯುವ ನಾಯಿ, ಸಾಕಿದ ಮನೆಯಲ್ಲಿ ಎರಡು ಹಿಂಡು ಇರುತ್ತವೆ. ಒಂದು ಮನೆ ತುಂಬ ಕೂದಲು ಉದುರಿಸುವ ಹಿಂಡು, ಇನ್ನೊಂದು ಶೋಕೇಸಿನಲ್ಲಿ ಕೂತು ಆ ಕೂದಲನ್ನು ಅಂಟಿಸಿಕೊಳ್ಳುವ ಪಿಂಗಾಣಿ ಗೊಂಬೆಗಳ ಹಿಂಡು. ಮೊದಲನೆಯದನ್ನು ಈಗಿನವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಇಲ್ಲ ಅನ್ನಲ್ಲ. ಎರಡನೆಯದರ ಗತಿ ನೋಡಿದರೆ ಮೈ ಉರಿಯುತ್ತದೆ.

ಗೊಂಬೆಗಳ ಮೇಲೆ ಕೂರುವುದು ಬರೀ ಧೂಳಲ್ಲ ಕಣ್ರೀ. ಶೋಗೆ ಹೊರಡುವ ಮುಂಚೆ ನಾಯಿಗೆ ಹೊಡೆಯುವ ಸ್ಪ್ರೇ, ಉದುರಿಸುವ ಪೌಡರ್ ಎಲ್ಲ ಹಾರಿ ಬಂದು ಅಲ್ಲೇ ಜಿಗುಟಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಬಳಿದುಕೊಳ್ಳುತ್ತದೆ. ಹಾಗಂತ ಸೀದಾ ನಲ್ಲಿ ಕೆಳಗೆ ಹಿಡಿಯುವುದಾ? ನನ್ನ ಸೊಸೆ ಹಾಗೇ ಹಿಡಿದಿದ್ದಳು. ಕೈಯಿಂದ ಕಿತ್ತುಕೊಂಡೆ.

ಮೊದಲು ಗೊಂಬೆಯನ್ನು ತಲೆಕೆಳಗು ಮಾಡಿ ತಳ ನೋಡಿ. ಒಳಗೆ ಪೊಳ್ಳಾಗಿರುವುದಕ್ಕೆ ಎಲ್ಲಾದರೂ ಒಂದು ತೂತು ಇದ್ದೇ ಇರುತ್ತದೆ. ಸುಡುವಾಗ ಒಳಗಿನ ಬಿಸಿ ಗಾಳಿ ಹೊರಗೆ ಹೋಗಲಿ ಅಂತ ಬಿಟ್ಟ ತೂತು ಅದು. ಅದರೊಳಗೆ ನೀರು ಹೋದರೆ ಸುಲಭಕ್ಕೆ ಹೊರಬರಲ್ಲ. ಒಳಗಿನ ಮಣ್ಣಿಗೆ ಹೊಳಪಿನ ಲೇಪ ಇರಲ್ಲವಲ್ಲ, ನೀರು ಕುಡಿಯುತ್ತದೆ, ಆಮೇಲೆ ಮೇಲಿನ ಸಣ್ಣ ಬಿರುಕುಗಳಲ್ಲಿ ಕಂದು ಕಲೆ ಏಳುತ್ತದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ ಮಾಡಿದ ಜೋಡಿ ನಾಯಿ ಗೊಂಬೆಗಳಲ್ಲಿ ಈ ತೂತು ಸಾಮಾನ್ಯವಾಗಿ ಸೂಜಿ ಚುಚ್ಚಿದಷ್ಟೇ. ಹಳೇದು ಅಂತ ಹೇಳಿ ಮಾರುವ ಗೊಂಬೆಯ ತಳದಲ್ಲಿ ಬೆರಳು ಹೋಗುವಷ್ಟು ತೂತಿದ್ದರೆ ಸ್ವಲ್ಪ ಅನುಮಾನ ಪಡಿ.

ತೂತು ಸಣ್ಣದಾದರೆ ಮೇಲೊಂದು ಟೇಪ್ ತುಂಡು ಸಾಕು. ದೊಡ್ಡದಾದರೆ ಚೂರು ಹತ್ತಿಯನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಿರಡೆ ಮಾಡಿ, ತುದಿ ಹೊರಗೇ ಉಳಿಯುವ ಹಾಗೆ ತುರುಕಿ. ಪೂರ್ತಿ ಒಳಗೆ ಜಾರಿದರೆ ಜನ್ಮದಲ್ಲಿ ಹೊರಗೆ ಬರಲ್ಲ. ಆಮೇಲೆ ಬೇಸಿನ್ನಿಗೆ ಟವೆಲ್ ಹಾಸಿ. ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಮೆದು ಸೋಪು, ನೊರೆ ಬರುವಷ್ಟು ಬೇಡ. ಚಿತ್ರ ಬರೆಯುವ ಮೆತ್ತನೆ ಬ್ರಶ್ ಅದ್ದಿ, ಬಟ್ಟೆಗೆ ಒತ್ತಿ, ತಲೆಯಿಂದ ಕೆಳಕ್ಕೆ ಬನ್ನಿ. ಕಿವಿಯ ಮಡಿಕೆ, ಗಲ್ಲದ ಅಡಿ, ಮುಂಗಾಲುಗಳ ಸಂದು, ಕೊಳೆ ಕೂರುವುದೇ ಅಲ್ಲಿ. ಕತ್ತಿನಲ್ಲಿ ಚಿನ್ನದ ಬಣ್ಣದ ಸರಪಳಿ, ಬೀಗ ಬರೆದಿದ್ದರೆ ಅದನ್ನು ಉಜ್ಜಲೇಬೇಡಿ, ಸುಮ್ನೆ ಬ್ರಶ್ ಸವರಿ ಬಿಡಿ. ಹಿಡಿಯುವುದು ಹೊಟ್ಟೆಯ ಹತ್ತಿರ, ಎಳೆ ಕೂಸನ್ನು ಹಿಡಿದ ಹಾಗೆ. ಬಾಲ ಹಿಡಿದು ಎತ್ತುವವರನ್ನು ನಾನು ಆ ಕೋಣೆಗೇ ಬಿಡಲ್ಲ. ಕಿವಿ, ಬಾಲದಲ್ಲಿ ಹಳೇ ಅಂಟಿನ ಗೆರೆ ಕಂಡರೆ ನೀರಿನ ಮಾತೇ ಬೇಡ, ಬಿಸಿಗೆ ಅಂಟು ಬಿಟ್ಟು ಬರುತ್ತದೆ. ಒದ್ದೆ ಹತ್ತಿಯನ್ನು ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು. ಎಲ್ಲ ಆದಮೇಲೆ ಬಿರಡೆ ಕಿತ್ತು, ಟವೆಲ್ ಮೇಲೆ ರಾತ್ರಿಯಿಡೀ ಬಿಡಿ.

ನಮ್ಮತ್ತೆ ಈ ಕೆಲಸಕ್ಕೆ ನೆಲದ ಮೇಲೇ ಕೂರುತ್ತಿದ್ದರು. ಬಿದ್ದರೂ ಒಂದು ಗೇಣು ಎತ್ತರದಿಂದ ಬೀಳಲಿ ಅಂತ. ನಾಯಿಗಳನ್ನೆಲ್ಲ ಹೊರಗೆ ಹಾಕಿ ಬಾಗಿಲು ಹಾಕಿಸುತ್ತಿದ್ದರು. ಚಾಂಪಿಯನ್ ಆದರೇನು, ಖುಷಿಗೆ ಬಾಲ ಆಡಿಸಿದರೆ ಒಂದು ಸಾಲೇ ನೆಲಕ್ಕೆ. ಮಾವನವರೂ ಆಗ ಒಳಗೆ ಬರುತ್ತಿರಲಿಲ್ಲ.

ನೀರಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ: ಉದ್ದ ಕೂದಲಿನ ನಾಯಿಗೆ ಸ್ನಾನಕ್ಕೆ ಮುಂಚೆಯೇ ಬಾಚಿ ಸಿಕ್ಕು ಬಿಡಿಸಿ. ಜಡೆಗಟ್ಟಿದ ಕೂದಲು ನೆನೆದರೆ ಇನ್ನೂ ಬಿಗಿಯುತ್ತದೆ. ಸ್ನಾನ ಮಾಡಿಸಿ ಆಮೇಲೆ ಬಾಚಣಿಗೆ ಹುಡುಕುವವರಿಗೆ ಎಷ್ಟು ಸಲ ಹೇಳುವುದು?

ಶೋನಲ್ಲಿ ಗೆದ್ದ ಬೆಳ್ಳಿ ಕಪ್‌ಗಳನ್ನು ವಾರ ವಾರ ಪಾಲಿಶ್ ಹಾಕಿ ತಿಕ್ಕಬೇಡಿ. ಮೇಲೆ ಬರೀ ಬೆಳ್ಳಿ ಲೇಪ ಇರುವ ಕಪ್ ಆದರೆ ಬೆಳ್ಳಿಯೇ ಸವೆದು ಹೋಗುತ್ತದೆ. ರಬ್ಬರ್ ಬ್ಯಾಂಡಂತೂ ಹತ್ತಿರ ಸುಳಿಯಬಾರದು, ಅದರಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಇನ್ನು ಶೋನಲ್ಲಿ ಗೆದ್ದ ಬಹುಮಾನದ ರಿಬ್ಬನ್ನುಗಳು. ಕಿಟಕಿ ಎದುರು ತೂಗುಹಾಕಿದರೆ ನೀಲಿ, ಕೆಂಪು ಎಲ್ಲ ಬಿಳಚಿಕೊಂಡು ಒಂದೇ ಆಗುತ್ತವೆ. ಯಾವ ನಾಯಿ, ಯಾವ ಶೋ, ಯಾವ ವರ್ಷ ಅಂತ ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನು ಬೇಡ, ತೇವ ತಾಗಿದರೆ ಶಾಯಿ ಹರಡಿ ಸ್ಯಾಟಿನ್ನಿಗೆ ಹತ್ತುತ್ತದೆ. ಶೋ ಮುಗಿಸಿ ಬಂದ ದಿನವೇ ಬರೆಯಿರಿ, ಚೀಲದಲ್ಲಿ ತುರುಕಿಟ್ಟು ಆಮೇಲೆ ನನ್ನನ್ನು ಕೇಳಬೇಡಿ.