ಕಾರಿಲ್ಲದೆ ಕೆರ್ರಿ: ಮೊದಲು ಸ್ಕೆಲ್ಲಿಗ್, ಆಮೇಲೆ ಉಳಿದದ್ದು

ಕೆರ್ರಿ ಐರ್ಲೆಂಡಿನ ನೈಋತ್ಯ ಮೂಲೆಯ ಕೌಂಟಿ. ಡಬ್ಲಿನ್‌ನ ಕನ್ನಡದವರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: "ಕೆರ್ರಿಗೆ ಕಾರಿಲ್ಲದೆನಾ? ಆಗೋ ಮಾತಲ್ಲ ಬಿಡಿ." ಮೂರನೇ ಸಲಕ್ಕೆ ಆಯಿತು. ಆರು ದಿನ, ಐದು ರಾತ್ರಿ, ತಲೆಗೆ ಆರುನೂರು ಯೂರೋ ಆಸುಪಾಸು, ಕರಾವಳಿಯಾಚೆಯ ಸ್ಕೆಲ್ಲಿಗ್ ಮೈಕಲ್ ಎಂಬ ಬಂಡೆ ದ್ವೀಪ ಹತ್ತಿದ್ದೂ ಸೇರಿ. ರೈಲು ಬುಕಿಂಗ್, ಬಸ್ಸು-ರೈಲಿನ ಲೀಪ್ ಕಾರ್ಡ್, ಹಾಸ್ಟೆಲ್ ಹುಡುಕುವುದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು ಎಲ್ಲಿ ಕೈ ಸುಟ್ಟಿತು, ಎಲ್ಲಿ ಗೆದ್ದೆ ಎನ್ನುವುದನ್ನು ಮಾತ್ರ ಬರೆಯುತ್ತೇನೆ.

ಮೊದಲ ಸಲ ಬಾಡಿಗೆ ಕಾರು. ಜುಲೈ, ನಾಲ್ಕು ದಿನಕ್ಕೆ ಸುಮಾರು 340 ಯೂರೋ, ಪೆಟ್ರೋಲ್ 90. ಹೆಚ್ಚುವರಿ ವಿಮೆಯ ದುಡ್ಡು ಉಳಿಸಲು ಹೋಗಿ ಎಡಬದಿಯ ಗೀರಿಗೆ ಇನ್ನೊಂದು 300 ತೆತ್ತಿದ್ದಾಯಿತು. ಗೀರು ಬಿದ್ದದ್ದು ಹೂವಿನ ಬೇಲಿಯಿಂದ. ಕೆರ್ರಿಯ ಒಳರಸ್ತೆಗಳ ಅಂಚಿಗೆಲ್ಲ ಫ್ಯೂಷಿಯಾ ಪೊದೆ: ಕೆಂಪು ಜುಮುಕಿಯ ಹಾಗೆ ತೂಗುವ ಹೂವು, ಐರಿಷ್‌ನಲ್ಲಿ ಅದಕ್ಕೆ "ದೇವರ ಕಣ್ಣೀರು" ಎಂದೇ ಹೆಸರು. ಎದುರಿಂದ ಬಸ್ ಬಂತು, ಪೊದೆ ಮೆತ್ತಗಿದೆಯಲ್ಲ ಎಂದು ಎಡಕ್ಕೆ ಒತ್ತಿದರೆ ಎಲೆಗಳ ಹಿಂದೆ ಕಲ್ಲಿನ ಗೋಡೆ ಕಾದಿರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ರಿಂಗ್ ಆಫ್ ಕೆರ್ರಿ ಎಂಬ 179 ಕಿ.ಮೀ.ನ ಪ್ರವಾಸಿ ರಸ್ತೆಯನ್ನು ಒಂದೇ ದಿನದಲ್ಲಿ ಸುತ್ತಿದರೆ, ಓಡಿಸುವವರ ಕಣ್ಣಿಗೆ ಬೀಳುವುದು ಟಾರು ಮತ್ತು ಮುಂದಿನ ವಾಹನದ ಹಿಂಭಾಗ, ಅಷ್ಟೇ. 2025ರ ಫೆಬ್ರವರಿಯಿಂದ ಹಳ್ಳಿಯ ಒಳರಸ್ತೆಗಳ ವೇಗದ ಮಿತಿ ಗಂಟೆಗೆ 80 ಕಿ.ಮೀ.ನಿಂದ 60ಕ್ಕೆ ಇಳಿದಿದೆ. ಹಳೆಯ ಅಂದಾಜಿನಲ್ಲಿ ಹೊರಟವರಿಗೆ ಸಮಯವೂ ಸಾಲುವುದಿಲ್ಲ.

ಎರಡನೇ ಸಲ ರೈಲು, ಬಸ್ಸು. ಎಲ್ಲ ಸರಿಯಾಗಿಯೇ ನಡೆಯಿತು, ಆದರೆ ಸ್ಕೆಲ್ಲಿಗ್ ದೋಣಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆ. ಅಲೆ ಎದ್ದಿತು, ದೋಣಿ ರದ್ದು. ದೋಣಿಯ ದುಡ್ಡು ವಾಪಸ್ ಬಂತು, ದಿನ ಬರಲಿಲ್ಲ, ಮರುದಿನಕ್ಕೆ ವಾಪಸ್ ರೈಲು. ತಪ್ಪು ಸಾರಿಗೆಯದ್ದಲ್ಲ, ದಿನಗಳನ್ನು ಜೋಡಿಸಿದ ಕ್ರಮದ್ದು. ಕೆರ್ರಿಯಲ್ಲಿ ಸೈಕಲ್, ನಡಿಗೆ, ಹಳ್ಳಿ ಎಲ್ಲವನ್ನೂ ಹಿಂದೆ ಮುಂದೆ ಮಾಡಬಹುದು. ಸಮುದ್ರವನ್ನು ಮಾಡಲಾಗದು. ಆದ್ದರಿಂದ ದೋಣಿ ವಾರದ ಮೊದಲಿಗೆ, ಅದಾದ ಮೇಲೆ ಎರಡು ದಿನ ಖಾಲಿ. ಮೂರನೇ ಸಲ ಗೆದ್ದದ್ದು ಇದೊಂದರಿಂದ.

ಜೂನ್ ಮೊದಲ ವಾರ, ಸೋಮವಾರ ಹೊರಟದ್ದು. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ಕಿಲಾರ್ನಿಗೆ ರೈಲು, ಹೆಚ್ಚಿನವು ಮ್ಯಾಲೋದಲ್ಲಿ ಬದಲಿಸಬೇಕು. ಅಲ್ಲಿಂದ 279ಎ ಬಸ್‌ನಲ್ಲಿ ಕಾಹರ್‌ಸಿವೀನ್. ಬಲಗಡೆ ಕೂರಿ, ಗ್ಲೆನ್‌ಬೇ ದಾಟಿದ ಮೇಲೆ ಡಿಂಗಲ್ ಕೊಲ್ಲಿ ಪೂರ್ತಿ ಅದೇ ಕಡೆ. ಬಸ್ಸು ದಿನಕ್ಕೆ ಬೆರಳೆಣಿಕೆ, ಒಂದು ತಪ್ಪಿದರೆ ಮಧ್ಯಾಹ್ನವೇ ಹೋಯಿತು. ರೈಲಿಗೂ ಬಸ್ಸಿಗೂ ನಡುವೆ ಒಂದು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ, ಭಾನುವಾರ ಬೇಡವೇ ಬೇಡ. ಆಗಸ್ಟ್ 10ರಿಂದ 12ರವರೆಗೆ ದಾರಿಯಲ್ಲಿ ಸಿಗುವ ಕಿಲಾರ್ಗ್ಲಿನ್‌ನಲ್ಲಿ ಪಕ್ ಫೇರ್ ಜಾತ್ರೆ. ಕಾಡು ಹೋತಕ್ಕೆ ಕಿರೀಟ ತೊಡಿಸಿ ಎತ್ತರದ ಅಟ್ಟದ ಮೇಲೆ ಕೂರಿಸುತ್ತಾರೆ. ಜಾತ್ರೆ ಚೆನ್ನ, ಆದರೆ ಆ ಮೂರು ದಿನ ಆ ದಾರಿಯಲ್ಲಿ ಹೊತ್ತು ನೋಡಿ ಹೊರಟವರ ಲೆಕ್ಕ ಕೆಡುತ್ತದೆ.

ಎಲ್ಲರೂ ಸಿಕ್ಕಿಕೊಳ್ಳುವುದು ಸ್ಕೆಲ್ಲಿಗ್ ದೋಣಿ ಹೊರಡುವ ಪೋರ್ಟ್‌ಮಗೀ ಎಂಬ ಊರಿನಲ್ಲಿ. ಹೆದ್ದಾರಿ ಬಿಟ್ಟು ಒಳಗಿದೆ, ಬಸ್ಸು ಲೆಕ್ಕಕ್ಕೆ ಸಿಗುವುದಿಲ್ಲ, ಕೋಣೆಗಳು ತಿಂಗಳುಗಟ್ಟಲೆ ಮುಂಚೆ ತುಂಬಿರುತ್ತವೆ. ನಾನು ಕಾಹರ್‌ಸಿವೀನ್‌ನಲ್ಲೇ ಮೂರು ದಿನಕ್ಕೆ ಸೈಕಲ್ ಬಾಡಿಗೆಗೆ ತೆಗೆದುಕೊಂಡೆ. ನಾಲ್ಕೈದು ಕಿ.ಮೀ. ತುಳಿದರೆ ರೀನಾರ್ಡ್ ಪಾಯಿಂಟ್, ಅಲ್ಲಿಂದ ಫೆರಿಯಲ್ಲಿ ಐದೇ ನಿಮಿಷ, ವ್ಯಾಲೆನ್ಶಿಯಾ ದ್ವೀಪದ ನೈಟ್ಸ್‌ಟೌನ್. (1960ರವರೆಗೆ ರೀನಾರ್ಡ್ ತನಕ ರೈಲೇ ಬರುತ್ತಿತ್ತು. ಆ ಹಳಿ ಉಳಿದಿದ್ದರೆ ಇಷ್ಟೆಲ್ಲ ಬರೆಯುವ ಅಗತ್ಯವೇ ಇರಲಿಲ್ಲ.) ನೈಟ್ಸ್‌ಟೌನ್‌ನಲ್ಲಿ ಮೂರು ರಾತ್ರಿ. ಅಲ್ಲಿಂದ ದ್ವೀಪದ ಉದ್ದಕ್ಕೆ ಹತ್ತಿರ ಹತ್ತಿರ ಹತ್ತು ಕಿ.ಮೀ. ತುಳಿದು ಸೇತುವೆ ದಾಟಿದರೆ ಪೋರ್ಟ್‌ಮಗೀ. ಎದುರುಗಾಳಿಗೆ ಮುಕ್ಕಾಲು ಗಂಟೆ ಹಿಡಿಯಿರಿ. ಬೆಳಿಗ್ಗೆ ಏಳೂಕಾಲಿಗೆ ಹೊರಟರೆ ದೋಣಿಗೆ ಸಾಕು. ಫೆರಿ ಇರುವುದು ಏಪ್ರಿಲ್‌ನಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಮಾತ್ರ. ಬೆನ್ನಿಗೆ ಹಾಕುವ ಒಂದೇ ಚೀಲ ತನ್ನಿ, ಚಕ್ರದ ಸೂಟ್‌ಕೇಸಿಗೆ ಈ ದಾರಿಯಲ್ಲಿ ಜಾಗವಿಲ್ಲ.

ದ್ವೀಪಕ್ಕೆ ಇಳಿಯಲು ದಿನಕ್ಕೆ 180 ಜನಕ್ಕೆ ಅವಕಾಶ: ಹದಿನೈದು ದೋಣಿ, ದೋಣಿಗೆ ಹನ್ನೆರಡು ಮಂದಿ. ಕಾಲ ಮೇ ನಡುವಿನಿಂದ ಸೆಪ್ಟೆಂಬರ್ ಕೊನೆ. ಟಿಕೆಟ್ ನನಗೆ 140ರ ಹತ್ತಿರ ಬಿತ್ತು. ಪಫಿನ್ ಹಕ್ಕಿ ಬೇಕಿದ್ದರೆ ಜುಲೈ ಒಳಗೆ ಬನ್ನಿ, ಆಗಸ್ಟ್ ಮೊದಲಿಗೆ ಸಮುದ್ರಕ್ಕೆ ಹೊರಟುಬಿಡುತ್ತವೆ. ಹವಾಮಾನ ಆ್ಯಪ್‌ನಲ್ಲಿ ಬಿಸಿಲಿನ ಚಿತ್ರ ನೋಡಿ ಹಿಗ್ಗಬೇಡಿ. ಮಳೆ ಲೆಕ್ಕಕ್ಕೇ ಬರುವುದಿಲ್ಲ, ಉಬ್ಬಲೆಯೇ ಎಲ್ಲ. ಗಾಳಿ ನಿಂತು ಎರಡು ದಿನವಾದರೂ ಅಟ್ಲಾಂಟಿಕ್‌ನಿಂದ ಉಬ್ಬಲೆ ಬರುತ್ತಲೇ ಇರುತ್ತದೆ. ನಾನು ನೋಡುವುದು ಮಿಜನ್ ಹೆಡ್ ಭೂಶಿರದ ನೈಋತ್ಯಕ್ಕೆ ಸಮುದ್ರದಲ್ಲಿರುವ ಎಂ3 ಎಂಬ ತೇಲುಯಂತ್ರ ಅಳೆದ ಅಲೆ ಎತ್ತರ. ಎರಡು ಮೀಟರ್ ದಾಟಿ ಏರುತ್ತಿದ್ದರೆ ನಾಳೆ ದ್ವೀಪಕ್ಕೆ ಇಳಿಸುವುದಿಲ್ಲ ಎಂದೇ ನನ್ನ ಲೆಕ್ಕ. ಈವರೆಗೆ ಸುಳ್ಳಾಗಿಲ್ಲ.

ಮಂಗಳವಾರದ ದೋಣಿ ಈ ಸಲವೂ ರದ್ದಾಯಿತು. ಎರಡು ದಿನ ಕೈಯಲ್ಲಿದ್ದವು, ಬುಧವಾರ ಇನ್ನೊಂದು ದೋಣಿಯಲ್ಲಿ ಖಾಲಿ ಸೀಟು ಸಿಕ್ಕಿತು. ಆ ಸೀಟು ಹಿಡಿಯಲು ಯಾವ ಹೊತ್ತಿಗೆ, ಯಾರಿಗೆ ಫೋನ್ ಮಾಡಬೇಕು ಎನ್ನುವುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮುಂದಿನ ವರ್ಷ ಮತ್ತೆ ಹೋಗುವುದಿದೆ.

ದೋಣಿಯಲ್ಲಿ ಒಂದು ಗಂಟೆಯ ಹಾದಿ. ವಾಂತಿ ಮಾತ್ರೆ ಹತ್ತುವ ಒಂದು ಗಂಟೆ ಮುಂಚೆ ನುಂಗಿ, ಶುಂಠಿಯ ತುಂಡು ಜೇಬಿನಲ್ಲಿರಲಿ, ಕಣ್ಣು ದಿಗಂತದ ಮೇಲಿರಲಿ. ದ್ವೀಪದಲ್ಲಿ ಶೌಚಾಲಯವಿಲ್ಲ, ಪೋರ್ಟ್‌ಮಗೀಯಲ್ಲೇ ಮುಗಿಸಿ. ಇಳಿಯುವ ಕಡೆ ದೋಣಿ ಒಂದಾಳು ಎತ್ತರಕ್ಕೆ ಏರಿ ಇಳಿಯುತ್ತಿರುತ್ತದೆ. ಏರುವಾಗ ಕಾಲು ಎತ್ತಬಾರದು. ಮೇಲೆ ತಲುಪಿ ಒಂದು ಕ್ಷಣ ನಿಲ್ಲುತ್ತದಲ್ಲ, ಆಗ ಮೆಟ್ಟಿಲಿಗೆ ಒಂದೇ ಹೆಜ್ಜೆ. ದೋಣಿಯವರ ಬೆರಳು ಬೇಡ, ಮಣಿಕಟ್ಟು ಹಿಡಿಯಿರಿ. ಆಮೇಲೆ 618 ಮೆಟ್ಟಿಲು, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಹತ್ತುವುದು ಕಷ್ಟವಲ್ಲ, ಇಳಿಯುವಾಗ ಹುಷಾರು: ಪಾದ ಅಡ್ಡ ಇಟ್ಟು, ಎರಡೂ ಕೈ ಖಾಲಿ ಇಟ್ಟುಕೊಂಡು, ಫೋಟೋ ಬೇಕಿದ್ದರೆ ಪೂರ್ತಿ ನಿಂತು. ಸಮಯ ಎರಡೂವರೆ ಗಂಟೆ. ಮೇಲೆ ಸಾವಿರ ವರ್ಷಕ್ಕೂ ಹಳೆಯ ಸನ್ಯಾಸಿಗಳ ಗುಡಿಸಲುಗಳಿವೆ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಜೇನುಗೂಡಿನಂತೆ ಮುಚ್ಚಿದವು. ಅಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಲು ಆಗುವಂತೆ ಹೊತ್ತು ಉಳಿಸಿಕೊಳ್ಳಿ.

ರದ್ದಾದ ಮಂಗಳವಾರ ವ್ಯರ್ಥವಾಗಲಿಲ್ಲ. ವ್ಯಾಲೆನ್ಶಿಯಾದ ಉತ್ತರ ದಡದ ಬಂಡೆಯ ಮೇಲೆ, ಮೂವತ್ತೈದು ಕೋಟಿ ವರ್ಷಕ್ಕೂ ಹಿಂದೆ ನಾಲ್ಕು ಕಾಲಿನ ಪ್ರಾಣಿಯೊಂದು ಕೆಸರಿನಲ್ಲಿ ನಡೆದ ಗುರುತುಗಳಿವೆ. ನೆತ್ತಿಯ ಬಿಸಿಲಿನಲ್ಲಿ ಹೋದವರು ಏನೂ ಕಾಣಲಿಲ್ಲ ಎಂದು ಬರುತ್ತಾರೆ. ಮಳೆ ನಿಂತ ಕೂಡಲೇ ಹೋಗಿ: ಹೆಬ್ಬೆರಳು ಒತ್ತಿದಂತಿರುವ ಗುಳಿಗಳಲ್ಲಿ ನೀರು ನಿಂತು, ಎರಡು ಸಾಲು ಸ್ಪಷ್ಟವಾಗಿ ಎದ್ದು ಕಾಣುತ್ತದೆ. 1866ರಲ್ಲಿ ಅಟ್ಲಾಂಟಿಕ್ ದಾಟಿ ಉಳಿದುಕೊಂಡ ಟೆಲಿಗ್ರಾಫ್ ತಂತಿ ಹೊರಟದ್ದೂ ಇದೇ ದ್ವೀಪದಿಂದ. ಐಟಿಯವರಿಗೆ ಅದೊಂದು ಯಾತ್ರಾಸ್ಥಳ.

ಊಟದ್ದೊಂದು ಪ್ರಯೋಗ ಹೇಳಿಬಿಡುತ್ತೇನೆ. ಊರಿನಿಂದ ತುಪ್ಪ, ಪೇಡೆ ತರುವ ಹಾಗಿಲ್ಲ, ಹೊರಗಿನ ಹಾಲಿನ ಪದಾರ್ಥಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ. ಉಪ್ಪಿಲ್ಲದ ಬೆಣ್ಣೆಯ 227 ಗ್ರಾಂ ಪೊಟ್ಟಣ ಎರಡನ್ನು ಹಾಸ್ಟೆಲ್ ಒಲೆಯಲ್ಲಿ ಸಣ್ಣ ಉರಿಗೆ ಇಪ್ಪತ್ತು ನಿಮಿಷ ಕಾಯಿಸಿದೆ, 350 ಗ್ರಾಂ ತುಪ್ಪ ಬಂತು, ನಮ್ಮ ಕಡೆಯದಕ್ಕಿಂತ ಹಳದಿ. ಮೊದಲು ಉಪ್ಪಿನ ಬೆಣ್ಣೆಯಲ್ಲಿ ಮಾಡಿ ಕೆಡಿಸಿದ್ದೆ: ಸಿಡಿಯುತ್ತದೆ, ತಳದ ಗಸಿ ಬಾಯಿಗಿಡಲಾಗದು. ಪುಳಿಯೋಗರೆ ಗೊಜ್ಜು, ಗಟ್ಟಿ ಅವಲಕ್ಕಿ ಮತ್ತು ಈ ತುಪ್ಪ. ಆರು ದಿನದ ಊಟ ಅರವತ್ತು ಯೂರೋದಲ್ಲಿ ಮುಗಿಯಿತು.

ಗುರುವಾರ ಸೈಕಲ್ ಒಪ್ಪಿಸಿ ಕಿಲಾರ್ನಿ, ಅಲ್ಲಿಂದ ರೈಲಿನಲ್ಲಿ ಟ್ರಾಲಿ ಎಂಬ ಊರು, ನಿಲ್ದಾಣದ ಪಕ್ಕದಲ್ಲೇ ಡಿಂಗಲ್ ಬಸ್ಸು. ಕೊಲ್ಲಿಯ ಆಚೆ ಕಣ್ಣೆದುರೇ ಕಾಣುವ ಊರಿಗೆ ಇಡೀ ದಿನ ಸುತ್ತಬೇಕು, ಅದನ್ನು ಒಪ್ಪಿಕೊಂಡೇ ಹೊರಡಿ. ಶುಕ್ರವಾರ ಡಿಂಗಲ್‌ನಿಂದ ಹೊರಟು ಸ್ಲೀ ಹೆಡ್ ಭೂಶಿರದ ಸುತ್ತು, 45 ಕಿ.ಮೀ. ಸುಮಾರು, ವಿದ್ಯುತ್ ಸೈಕಲ್‌ಗೆ ದಿನಕ್ಕೆ 40 ಚಿಲ್ಲರೆ. ಗಡಿಯಾರದ ದಿಕ್ಕಿನಲ್ಲೇ ಹೋಗಿ. ಟೂರ್ ಬಸ್ಸುಗಳೂ ಅದೇ ದಿಕ್ಕು, ಇಕ್ಕಟ್ಟಿನಲ್ಲಿ ಎದುರಾಗುವುದಿಲ್ಲ. ನೈಋತ್ಯದ ಗಾಳಿ ಮೊದಲರ್ಧ ಎದುರಿಗೆ, ಮರಳುವಾಗ ಬೆನ್ನಿಗೆ. ಬ್ಯಾಟರಿ ದಾರಿಯ ಡನ್‌ಕ್ವಿನ್ ಊರು ತಲುಪುವಾಗ ಅರ್ಧವಾದರೂ ಇರಲಿ. ಸ್ಲೀ ಹೆಡ್ ಹತ್ತಿರ ರಸ್ತೆಯ ಮೇಲೇ ತೊರೆ ಹರಿಯುತ್ತದೆ. ನೀರಿನಲ್ಲಿ ಬ್ರೇಕ್ ಹಿಡಿದರೆ ಜಾರುವುದು ಖಚಿತ, ಮೊದಲೇ ನಿಧಾನಿಸಿ ನೇರ ದಾಟಿ. ಕೈಮರಗಳು ಇಲ್ಲಿ ಐರಿಷ್‌ನಲ್ಲಿ ಮಾತ್ರ. ನಕ್ಷೆಯ ವೆಂಟ್ರಿ ಕೈಮರದಲ್ಲಿ "ಕ್ಯಾನ್ ಟ್ರಾ". ಹೆಸರುಗಳನ್ನು ರಾತ್ರಿಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೊಡೆ ಬಿಟ್ಟು ಬನ್ನಿ. ಆಗುಂಬೆಯ ಮಳೆಯ ಮುಂದೆ ಇದು ಏನೂ ಅಲ್ಲ, ಆದರೆ ಅಡ್ಡ ಬೀಸುತ್ತದೆ. ಮಳೆ ಪ್ಯಾಂಟು ಬೇಕೇ ಬೇಕು.

ನೆನಪಿನಿಂದ ಖರ್ಚು: ರೈಲು 55, ಬಸ್ಸು 45, ಹಾಸಿಗೆ 190, ಸೈಕಲ್ ಎರಡೂ ಸೇರಿ 100, ದೋಣಿ 140, ಊಟ 60, ಫೆರಿಗೆ ಚಿಲ್ಲರೆ. ಶನಿವಾರ ಡಿಂಗಲ್‌ನಿಂದ ಟ್ರಾಲಿಗೆ ಮರಳುವಾಗ ಬಸ್ಸಿನ ಎಡಗಡೆ ಕೂರಿ. ಕ್ಯಾಂಪ್ ಊರು ದಾಟಿದ ಮೇಲೆ ಟ್ರಾಲಿ ಕೊಲ್ಲಿ ಆ ಕಡೆಗೇ ಬರುತ್ತದೆ.